ಕಡಿಮೆ ತೂಕದ ಮಗು ಮತ್ತು ಕಿಡ್ನಿ: ಒಂದು ಸ್ಪಷ್ಟನೆ

‘ಎರಡೂವರೆ ಕಿಲೋಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಮಗುವಿನ ಕಿಡ್ನಿ ಮುಂದೆ ಕೈಕೊಡುವುದು ಖಚಿತ, ವರ್ಷದೊಳಗೆ ಮೈ ತುಂಬಿಸಿದರೆ ಸರಿಹೋಗುತ್ತದೆ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿರುವ ಸಂದೇಶದ ಎರಡು ಮಾತೂ ತಪ್ಪು.

ರಕ್ತ ಸೋಸುವ ನೆಫ್ರಾನ್‌ಗಳು ಗರ್ಭದಲ್ಲೇ, ಸುಮಾರು 36ನೇ ವಾರದ ಹೊತ್ತಿಗೆ, ರೂಪುಗೊಂಡು ಮುಗಿಯುತ್ತವೆ. ಅರ್ಧಕ್ಕೂ ಹೆಚ್ಚು ಮೂಡುವುದು ಕೊನೆಯ ಮೂರು ತಿಂಗಳಲ್ಲಿ. ಆಗ ಬೆಳವಣಿಗೆ ಕುಂಠಿತವಾದರೆ ಅವುಗಳ ಸಂಖ್ಯೆ ತಗ್ಗಬಹುದು. ಆಮೇಲೆ ಎಷ್ಟು ತುಪ್ಪ ತಿನ್ನಿಸಿದರೂ ಹೊಸದು ಹುಟ್ಟದು. ಅತಿಯಾಗಿ ತೂಕ ಏರಿದರೆ ಇರುವಷ್ಟಕ್ಕೇ ಹೊರೆ ಹೆಚ್ಚು.

ಹಾಗೆಂದು ‘ಖಚಿತ’ ಎನ್ನುವುದು ಬರೀ ಹೆದರಿಕೆ. ನಾರ್ವೆಯಲ್ಲಿ 1967ರಿಂದ 2004ರವರೆಗೆ ಹುಟ್ಟಿದ 21 ಲಕ್ಷಕ್ಕೂ ಹೆಚ್ಚು ಜನರ ದಾಖಲೆಗಳಲ್ಲಿ, ಕಡಿಮೆ ತೂಕದವರಿಗೆ ಕಿಡ್ನಿ ವೈಫಲ್ಯದ ಅಪಾಯ ಸುಮಾರು 1.7 ಪಟ್ಟು ಇತ್ತು, ನಿಜ. ಆದರೆ ವೈಫಲ್ಯಕ್ಕೆ ಒಳಗಾದವರು ಎಲ್ಲ ಸೇರಿ 526 ಮಂದಿ.

ದಯವಿಟ್ಟು ಆ ಸಂದೇಶವನ್ನು ಯಾರಿಗೂ ಕಳುಹಿಸಬೇಡಿ. ಮನೆಯಲ್ಲಿ ಅಂಥ ಮಗುವಿದ್ದರೆ ತಾಯಿ ಕಾರ್ಡಿನಲ್ಲಿರುವ ಜನನ ತೂಕವನ್ನು ವೈದ್ಯರಿಗೆ ತೋರಿಸಿ, ಆಗಾಗ ಬಿಪಿ ನೋಡಿಸಿ.