ಅಜಂತೆಯಲ್ಲಿ ನಾಮಫಲಕದ ಕೊರತೆ

ನಮ್ಮ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದವರು ಬೆಂಗಳೂರಿನಿಂದ ಅಜಂತೆಗೆ ಪ್ರವಾಸ ಹೋಗಿ ಬಂದ ಮೇಲೆ ಅಧ್ಯಕ್ಷರ ಮುಖದಲ್ಲಿ ಒಂದು ಬಗೆಯ ವಿಷಾದ ಕಾಣಿಸಿಕೊಂಡಿತು. ಬುದ್ಧನ ಪ್ರಭಾವವಿರಬೇಕೆಂದು ನಾವು ಭಾವಿಸಿದೆವು. ಕಾರಣ ಬೇರೆಯಿತ್ತು. ಉದ್ಯಾನದ ಕಲ್ಲುಬೆಂಚು, ಬಸ್ ತಂಗುದಾಣ, ಕೊಳವೆಬಾವಿಯ ಕಟ್ಟೆ, ಹೀಗೆ ಎಲ್ಲೆಲ್ಲೂ ತಮ್ಮ ಹೆಸರನ್ನೇ ಓದಿ ಪಳಗಿದ ಅವರ ಕಣ್ಣಿಗೆ, ವಾಘುರ್ ನದಿಯ ಕಾಡುಕಣಿವೆಯಲ್ಲಿ ಕುದುರೆ ಲಾಳದಂತೆ ಬಾಗಿದ ಬಂಡೆಯೊಳಗೆ ಬೌದ್ಧ ಭಿಕ್ಷುಗಳಿಗಾಗಿ ಸುಮಾರು 30 ಗುಹೆಗಳನ್ನು ಕೊರೆದ ಶಿಲ್ಪಿಗಳ ಹೆಸರು ಎಲ್ಲಿಯೂ ಸಿಗಲಿಲ್ಲ. ಗುಹೆಯ ಗೋಡೆಯ ಮೇಲೆ ಪದ್ಮಪಾಣಿ ಬೋಧಿಸತ್ವನ ಅರೆಮುಚ್ಚಿದ ಕಣ್ಣುಗಳನ್ನು ಬರೆದ ಮಹಾನುಭಾವ ಕೆಳಗೊಂದು ಮೊಬೈಲ್ ಸಂಖ್ಯೆಯನ್ನಾದರೂ ಹಾಕಬಾರದಿತ್ತೇ ಎಂಬುದು ಅವರ ಕೊರಗು.

ಸಮಾಧಾನ ದೊರೆತದ್ದು 10ನೆಯ ಗುಹೆಯಲ್ಲಿ. 1819ರ ಏಪ್ರಿಲ್‌ನಲ್ಲಿ ಬೇಟೆಗೆಂದು ಬಂದ ಬ್ರಿಟಿಷ್ ಸೇನಾಧಿಕಾರಿ ಜಾನ್ ಸ್ಮಿತ್, ಕಾಡು ಮುಚ್ಚಿಹಾಕಿದ್ದ ಆ ಚೈತ್ಯವನ್ನು, ಅಂದರೆ ಬೌದ್ಧರ ಪ್ರಾರ್ಥನಾಮಂದಿರವನ್ನು, ಹೊಕ್ಕು, ಕಂಬದ ಮೇಲಿನ ಬೋಧಿಸತ್ವನ ಚಿತ್ರದ ಮೇಲೆಯೇ ತನ್ನ ಹೆಸರು ಮತ್ತು ದಿನಾಂಕವನ್ನು ಗೀಚಿ ಹೋದ. ಆಗ ಗುಹೆಯಲ್ಲಿ ಸುಮಾರು ಐದಡಿ ಮಣ್ಣುಕಸ ತುಂಬಿತ್ತು. ಅವನು ಅದರ ಮೇಲೆ ನಿಂತು ಗೀಚಿದ್ದರಿಂದ, ಕಸ ತೆಗೆದ ಮೇಲೆ ಸಾಹೇಬನ ರುಜು ನಮ್ಮೆಲ್ಲರ ತಲೆಯ ಮೇಲೆ ಉಳಿಯಿತು. ಮಾರ್ಗದರ್ಶಿ ಅದನ್ನು ಬುದ್ಧನಷ್ಟೇ ಭಕ್ತಿಯಿಂದ ತೋರಿಸಿದ.

“ಅವನು ಗೀಚಿದರೆ ಇತಿಹಾಸ, ಕಬ್ಬನ್ ಪಾರ್ಕಿನ ಬಿದಿರಿನ ಮೇಲೆ ಹೃದಯ ಕೆತ್ತಿ ಕೈ ಪಳಗಿದ ನಮ್ಮ ಹುಡುಗರು ಇಲ್ಲಿ ಗೀಚಿದರೆ 2 ವರ್ಷ ಸೆರೆ ಅಥವಾ 1 ಲಕ್ಷ ರೂಪಾಯಿ ದಂಡವೇ?” ಎಂದು ಅಧ್ಯಕ್ಷರು ಸ್ಮಾರಕ ಸಂರಕ್ಷಣಾ ಕಾಯ್ದೆಯ ಮೇಲೆ ಹರಿಹಾಯ್ದರು. ಕಾಯ್ದೆಯ ಬಳಿ ಉತ್ತರವಿರಲಿಲ್ಲ.

ಅದೇ ಗುಹೆಯಲ್ಲಿ ವಾಸಿಷ್ಠೀಪುತ್ರ ಕಟಹಾದಿ ಎಂಬ ದಾನಿಯ ಬ್ರಾಹ್ಮಿ ಶಾಸನವೂ ಇದೆಯೆಂದು ಯಾರೋ ನೆನಪಿಸಿದರು. ಅವನು ಗುಹೆಯ ಮುಂಭಾಗವನ್ನು ಮಾಡಿಸಿಕೊಟ್ಟು, ಆಮೇಲೆ ಹೆಸರು ಬರೆಸಿದವನು. ಮೊದಲು ಕೊಟ್ಟು ಅನಂತರ ಬರೆಸುವ ಈ ಪುರಾತನ ಪದ್ಧತಿ ಅಧ್ಯಕ್ಷರಿಗೆ ತೀರಾ ದುಬಾರಿಯೆನಿಸಿತು; ಸ್ಮಿತ್ ಸಾಹೇಬನ ಕ್ರಮಕ್ಕಾದರೆ ಒಂದು ಚೂರಿ ಸಾಕು.

ನಮ್ಮ ಬೀದಿಯ ತುದಿಯಲ್ಲಿ ಉದ್ಯಾನದ ಗೋಡೆಗೆ ಒತ್ತಿ ಸುರಿದಿರುವ ಕಟ್ಟಡದ ಕಸದ ರಾಶಿಯನ್ನು ತೆಗೆಸಬೇಕೆಂದು ಮೂರು ತಿಂಗಳಿಂದ ಅರ್ಜಿಯ ಮೇಲೆ ಅರ್ಜಿ ಬರೆಯುತ್ತಿದ್ದ ಅವರು, ಮೊನ್ನೆ ಎಲ್ಲವನ್ನೂ ಹಿಂಪಡೆದರು. ರಾಶಿ ಸುಮಾರು ಐದಡಿ ಎತ್ತರವಿದೆ. ಪೇಂಟರ್‌ಗೆ ಮುಂಗಡವನ್ನೂ ಕೊಟ್ಟಾಗಿದೆ.