ಫ್ಲೆಕ್ಸಿನಲ್ಲಿ ಬಾರದ ಒಂದು ವಿಷಯ

ತಿಪಟೂರಿನ ನಮ್ಮ ಮಂಡಿ ಯಜಮಾನರು ತೀರಿಕೊಂಡು ಇವತ್ತಿಗೆ ಹನ್ನೆರಡು ದಿನ. ಹೆಸರು ಬರೆಯುತ್ತಿಲ್ಲ. ಮನೆಯವರು ಬೇಡ ಅಂದರು. ಅವರಿದ್ದಿದ್ದರೂ ಬೇಡ ಅನ್ನುತ್ತಿದ್ದರು.

ಊರಲ್ಲಿ ಅವರ ಫ್ಲೆಕ್ಸ್ ಹಾಕಿದ್ದಾರೆ. 'ಹಿರಿಯ ರೋಟೇರಿಯನ್, ಕೊಡುಗೈ ದಾನಿ' ಅಂತ ದೊಡ್ಡ ಅಕ್ಷರ. ಕೆಳಗೆ ಸಣ್ಣದಾಗಿ 'ಕೊಬ್ಬರಿ ವರ್ತಕರು'. ಅದನ್ನು ನೋಡಿದಾಗಿನಿಂದ ಮನಸ್ಸಿಗೆ ಸಮಾಧಾನ ಇಲ್ಲ. ನನಗೆ ಅವರು ಮೊದಲು ಕೊಬ್ಬರಿ ವರ್ತಕರು. ಉಳಿದದ್ದೆಲ್ಲ ಆಮೇಲೆ.

ಯಾಕೆ ಅಂತ ಹೇಳುತ್ತೇನೆ. ನಮ್ಮ ಕಡೆಯ ಉಂಡೆ ಕೊಬ್ಬರಿ ಒಂದೆರಡು ದಿನದ ಬೆಳೆ ಅಲ್ಲ. ಬಲಿತ ಕಾಯಿ ಕಿತ್ತು ಅಟ್ಟದ ಮೇಲೆ ಹಾಕಿದರೆ ಹತ್ತು ಹನ್ನೊಂದು ತಿಂಗಳು ಅಲ್ಲೇ ಇರಬೇಕು. ಒಳಗಿನ ನೀರು ತಾನಾಗಿ ಇಂಗಬೇಕು. ಅಲ್ಲಾಡಿಸಿದರೆ ಒಳಗೆ ಗುಂಡು ಉರುಳಿದ ಹಾಗೆ ಸದ್ದು ಬರಬೇಕು. ಆಮೇಲೆ ಸಿಪ್ಪೆ ಸುಲಿಯುವುದು, ಚಿಪ್ಪು ಒಡೆಯುವುದು. ಉಂಡೆ ಸೀಳಬಾರದು. ಸೀಳಿದರೆ ರೇಟು ಬಿತ್ತು. ನಮ್ಮನೆಯಲ್ಲಿ ಅಮ್ಮ, ಅಜ್ಜಿ, ಅಕ್ಕ ಎಲ್ಲ ಕೂತು ಒಡೆಯುತ್ತಿದ್ದರು. ಅಷ್ಟಾಗಿ ಚೀಲ ಕಟ್ಟಿ ಪೇಟೆಗೆ ತಂದರೆ ತೂಕದ ಹತ್ತಿರ ಸೂಟು ಅಂತ ಒಂದಿಷ್ಟು ತೂಕ ಕಳೆಯುತ್ತಿದ್ದರು. ತೇವ ಇದೆ, ಧೂಳಿದೆ, ಚೀಲದ ತೂಕ ಅಂತ ಏನೋ ಒಂದು ಕಾರಣ. ಚೀಲಕ್ಕೆ ಇಷ್ಟು ಕೆ.ಜಿ. ಅಂತ ಹೋಗೇ ಹೋಗುತ್ತಿತ್ತು. ಅಪ್ಪ ಏನೂ ಹೇಳದೆ ನಿಂತಿರುತ್ತಿದ್ದರು. ಹತ್ತು ವರ್ಷದ ನನಗೆ ಆಗ ಆಗುತ್ತಿದ್ದ ಸಂಕಟ ಇವತ್ತಿಗೂ ನೆನಪಿದೆ.

ಒಂದು ವರ್ಷ ಅಪ್ಪ ಮಂಡಿ ಬದಲಾಯಿಸಿದರು. ಅಲ್ಲಿ ಸೂಟು ಇಲ್ಲವಂತೆ ಅಂತ ಯಾರೋ ಹೇಳಿದ್ದರು. ನಿಜವಾಗಿಯೂ ಇರಲಿಲ್ಲ. ತೂಕದ ಪಕ್ಕದ ಗೋಡೆಯಲ್ಲಿ ಒಂದು ಬೋರ್ಡು. ಇದು ಸತ್ಯವೇ? ಎಲ್ಲರಿಗೂ ನ್ಯಾಯವೇ? ಇದರಿಂದ ಸ್ನೇಹ, ಸದ್ಭಾವನೆ ಬೆಳೆಯುತ್ತದೆಯೇ? ಎಲ್ಲರಿಗೂ ಒಳ್ಳೆಯದಾಗುತ್ತದೆಯೇ? ಅಪ್ಪನಿಗೆ ಓದು ಬರುತ್ತಿರಲಿಲ್ಲ. ನಾನೇ ಜೋರಾಗಿ ಓದಿ ಹೇಳಿದೆ. ಗದ್ದಿಗೆ ಮೇಲೆ ಕೂತಿದ್ದ ಯಜಮಾನರು ತಲೆ ಎತ್ತಿ ನೋಡಿ, 'ಇನ್ನೊಂದ್ಸಲ ಓದಪ್ಪ' ಅಂದರು. ನಮ್ಮ ಪರಿಚಯ ಆದದ್ದು ಹಾಗೆ.

ರೋಟರಿಯವರಿಗೆ ಇದು ಗೊತ್ತೇ ಇರುತ್ತದೆ, ಫೋರ್ ವೇ ಟೆಸ್ಟ್. ಎಷ್ಟೋ ಕ್ಲಬ್ಬುಗಳ ಮೀಟಿಂಗಿನಲ್ಲಿ ಹೇಳುತ್ತಾರೆ. ಇದು ಹುಟ್ಟಿದ್ದು ಸೇವೆಯ ಕ್ಯಾಂಪಿನಲ್ಲಿ ಅಲ್ಲ, ಒಂದು ಪಾತ್ರೆ ಕಂಪನಿಯಲ್ಲಿ. 1932ರಲ್ಲಿ ಷಿಕಾಗೋದಲ್ಲಿ ಹರ್ಬರ್ಟ್ ಟೇಲರ್ ಅನ್ನುವವರು ದಿವಾಳಿ ಅಂಚಿನಲ್ಲಿದ್ದ ಅಲ್ಯುಮಿನಿಯಂ ಪಾತ್ರೆ ಕಂಪನಿಯನ್ನು ಎತ್ತಿ ನಿಲ್ಲಿಸಲು ಹೊರಟರು. ಆಗ ತಮ್ಮ ಕೆಲಸಗಾರರಿಗೆ ಅಂತ ಬರೆದ ನಾಲ್ಕು ಪ್ರಶ್ನೆ ಇವು. ರೋಟರಿ ಇದನ್ನು ತನ್ನದು ಮಾಡಿಕೊಂಡದ್ದು 1943ರಲ್ಲಿ. ಈ ಕಥೆ ನನಗೆ ಹೇಳಿದ್ದೇ ಯಜಮಾನರು. 'ವ್ಯಾಪಾರಕ್ಕೆ ಅಂತ ಬರೆದದ್ದು ಕಣೋ. ವ್ಯಾಪಾರದ ಜಾಗದಲ್ಲೇ ಇರಬೇಕು' ಅನ್ನುತ್ತಿದ್ದರು.

ಸೂಟು ಬಿಟ್ಟಿದ್ದಕ್ಕೆ ಅವರಿಗೆ ಮಾತು ಬಂದಿತ್ತು. ಒಬ್ಬರು ಮಂಡಿಗೇ ಬಂದು, ದಾನ ಧರ್ಮ ಕ್ಲಬ್ಬಲ್ಲಿ ಮಾಡಿ, ಪೇಟೆ ಕೆಡಿಸಬೇಡಿ ಅಂದಿದ್ದನ್ನು ನಾನೇ ಕೇಳಿದ್ದೇನೆ. ಅದಕ್ಕೆ ಯಜಮಾನರು ಹೇಳಿದ್ದು ಇಷ್ಟೇ: 'ಭಾನುವಾರ ಕಣ್ಣಿನ ಕ್ಯಾಂಪಿಗೆ ಬರೋ ಅಜ್ಜಿ ಯಾರು? ಇಲ್ಲಿ ಕೊಬ್ಬರಿ ತೂಗಿಸಿಕೊಂಡು ಹೋದೋಳೇ ಅಲ್ವಾ?'

ಕಣ್ಣಿನ ಕ್ಯಾಂಪು ಅಂದೆ. ಪೊರೆ ಆಪರೇಷನ್ ಆದ ದಿನ ಎಲ್ಲರೂ ಇರುತ್ತಾರೆ. ಆಮೇಲೆ ವಾರಗಟ್ಟಲೆ ಕಣ್ಣಿಗೆ ಹನಿ ಹಾಕಬೇಕಲ್ಲ, ಅದನ್ನು ಯಾರು ನೋಡುತ್ತಾರೆ? ಮನೆಯಲ್ಲಿ ಯಾರೂ ಇಲ್ಲದ ಮುದುಕರ ಪಟ್ಟಿ ಯಜಮಾನರ ಜೇಬಿನಲ್ಲಿ ಇರುತ್ತಿತ್ತು. ಮಂಡಿ ಹುಡುಗನನ್ನು ಸೈಕಲ್ಲಿನಲ್ಲಿ ಕಳಿಸುತ್ತಿದ್ದರು. ಕೆಲವು ಸಲ ನಾನೂ ಹೋಗಿದ್ದೇನೆ.

ಪೋಲಿಯೋ ವಿಷಯ ಬಂದರೆ ಮಾತ್ರ ಅವರು ಬೇರೆಯೇ ಮನುಷ್ಯ. ಅವರ ಗುಮಾಸ್ತರಿಗೆ ಚಿಕ್ಕಂದಿನಲ್ಲೇ ಪೋಲಿಯೋ ಬಂದು ಒಂದು ಕಾಲು ಸೊರಗಿತ್ತು. 1995ರಲ್ಲಿ ಪಲ್ಸ್ ಪೋಲಿಯೋ ಶುರುವಾದ ಮೇಲೆ ಲಸಿಕೆಯ ಭಾನುವಾರ ಯಾವ ಮದುವೆಗೂ ಹೋದವರಲ್ಲ. ಬೆಳಗ್ಗೆಯೇ ಬೂತಿನಲ್ಲಿ ಹಾಜರು. ಎರಡು ಹನಿ ಹಾಕಿದ ಮಗುವಿನ ಎಡಗೈ ಕಿರುಬೆರಳಿಗೆ ಶಾಯಿ ಹಚ್ಚುವ ಕೆಲಸ ಅವರದು. ದೇಶದ ಕೊನೆಯ ಕೇಸು ಬಂದದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರ ಮಾರ್ಚ್ 27ರಂದು ಭಾರತ ಪೋಲಿಯೋಮುಕ್ತ ಅಂತ ವಿಶ್ವ ಆರೋಗ್ಯ ಸಂಸ್ಥೆ ಸರ್ಟಿಫಿಕೇಟ್ ಕೊಟ್ಟಿತು. ಕ್ಲಬ್ಬಿನಲ್ಲಿ ಸಂಭ್ರಮ. ಯಜಮಾನರು ಮೈಸೂರು ಪಾಕಿನ ಡಬ್ಬಿ ಹಿಡಿದು ಮೊದಲು ಹೋದದ್ದು ಗುಮಾಸ್ತರ ಮೇಜಿಗೆ. ಇಬ್ಬರೂ ಮಾತಾಡಲಿಲ್ಲವಂತೆ. ಸುಮ್ನೆ ಕೂತಿದ್ದರಂತೆ.

ಅವರ ಎಲ್ಲ ಮಾತಿಗೂ ನಾನು ಹೂಂ ಅಂದವನಲ್ಲ. ಹೆಂಗಸರನ್ನು ಸದಸ್ಯರಾಗಿ ತೆಗೆದುಕೊಳ್ಳಬಹುದು ಅಂತ ರೋಟರಿ ನಿಯಮ ಬದಲಿಸಿದ್ದು 1989ರಲ್ಲೇ. ಆದರೂ ಇವರು ತುಂಬಾ ವರ್ಷ ಒಪ್ಪಲಿಲ್ಲ. ಇದು ನನಗೆ ಬೇಜಾರಿನ ವಿಷಯವೇ. ಅವರ ಜೊತೆ ಜೋರಾಗಿ ವಾದ ಮಾಡಿದ್ದೇನೆ. ಕೊನೆಗೆ ಒಬ್ಬ ಲೇಡಿ ಡಾಕ್ಟರ ಹೆಸರನ್ನು ಅವರೇ ಸೂಚಿಸಿದರು. ಫೋನ್ ಮಾಡಿ, 'ನೀನು ಹೇಳಿದ್ದು ಸರಿ, ನಾನು ತಡ ಮಾಡಿದೆ' ಅಂದರು. ಎಂಬತ್ತರ ಹತ್ತಿರದ ಮನುಷ್ಯ ಹಾಗೆ ಹೇಳಿದ್ದು ನನಗೆ ದೊಡ್ಡದು.

ಈಗ ರೋಟರಿ, ಲಯನ್ಸ್ ಅಂತ ಸೇರುತ್ತಿರುವ ನನ್ನ ವಯಸ್ಸಿನ ವ್ಯಾಪಾರಿ ಗೆಳೆಯರನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ. ಕ್ಯಾಂಪು ಮಾಡಿ, ರಕ್ತ ಕೊಡಿ, ಬಹಳ ಒಳ್ಳೆಯದು. ಆ ಬೋರ್ಡನ್ನು ಮಾತ್ರ ಮೀಟಿಂಗ್ ಹಾಲಿನಲ್ಲಿ ಬಿಟ್ಟು ಬರಬೇಡಿ. ನಿಮ್ಮ ಬಿಲ್ಲು ಬರೆಯುವ ಮೇಜಿನ ಹತ್ತಿರ ಹಾಕಿ. ಅಲ್ಲಿ ಅದನ್ನು ಓದುವ ಹತ್ತು ವರ್ಷದ ಹುಡುಗರು ಈಗಲೂ ಇರುತ್ತಾರೆ.

ಮೊನ್ನೆ ಊರಿಗೆ ಹೋದಾಗ ಅಪ್ಪ ಟ್ರಂಕು ತೆಗೆದರು. ಆ ಮಂಡಿಯ ಹಳೆಯ ಪಟ್ಟಿಗಳನ್ನೆಲ್ಲ ದಾರ ಕಟ್ಟಿ ಇಟ್ಟಿದ್ದಾರೆ. ಒಂದೊಂದೇ ಬಿಚ್ಚಿ ಓದಿ ಹೇಳಿದೆ. ಇಸವಿ, ಚೀಲ, ತೂಕ, ರೇಟು. ತೂಕದ ಪಕ್ಕ 'ಕಳೆ' ಅಂತ ಒಂದು ಕಾಲಂ ಅಚ್ಚು ಹಾಕಿದ್ದಾರೆ. ಒಂದು ಪಟ್ಟಿಯಲ್ಲೂ ಅಲ್ಲಿ ಏನೂ ಬರೆದಿಲ್ಲ.