ಎಜಡ್‌ಟಿಯನ್ನು ಸೃಷ್ಟಿಸಿದವರು ಮಿತ್ಸುಯಾ ಅಲ್ಲ

ಜಪಾನಿನ ವೈರಾಣು ವಿಜ್ಞಾನಿ ಹಿರೋಆಕಿ ಮಿತ್ಸುಯಾ ಅವರ ಸಂಶೋಧನಾ ಬದುಕನ್ನು ಕುರಿತು ನಾನು ಓದಿದ ಲೇಖನವೊಂದರಲ್ಲಿ, ಎಚ್‌ಐವಿಯ ಮೊದಲ ಔಷಧವಾದ ಎಜಡ್‌ಟಿಯನ್ನು ಅವರೇ ಸೃಷ್ಟಿಸಿದರು ಎಂದಿರುವುದು ಸರಿಯಲ್ಲ. ಕ್ಯಾನ್ಸರ್ ಚಿಕಿತ್ಸೆಗೆಂದು ಆ ಸಂಯುಕ್ತವನ್ನು 1964ರಲ್ಲಿ ತಯಾರಿಸಿದವರು ಡೆಟ್ರಾಯ್ಟ್‌ನ ಜೆರೋಮ್ ಹೊರ್ವಿಟ್ಜ್. ಇಲಿಗಳ ರಕ್ತಕ್ಯಾನ್ಸರ್ ಮೇಲೆ ಪರಿಣಾಮ ಬೀರದೆ ಅದು ಮೂಲೆಗುಂಪಾಯಿತು. ಮಿತ್ಸುಯಾ ಅವರ ಸಾಧನೆ ಬೇರೆಯದು, ನನ್ನ ದೃಷ್ಟಿಯಲ್ಲಿ ಇನ್ನೂ ದೊಡ್ಡದು. ವೈರಾಣು ತಗುಲಿದರೆ ಸಾಯುವ ಟಿ ಜೀವಕೋಶಗಳನ್ನು (ರೋಗನಿರೋಧಕ ಬಿಳಿ ರಕ್ತಕಣಗಳನ್ನು) ಪ್ರಯೋಗಾಲಯದಲ್ಲಿ ಬೆಳೆಸಿ, ಯಾವ ರಾಸಾಯನಿಕವನ್ನು ಬೆರೆಸಿದಾಗ ಅವು ಬದುಕಿ ಉಳಿಯುತ್ತವೆ ಎಂದು ನೋಡುವ ಪರೀಕ್ಷೆಯನ್ನು, ಸಹೋದ್ಯೋಗಿಗಳೇ ಸೋಂಕಿಗೆ ಹೆದರುತ್ತಿದ್ದ ಆ ದಿನಗಳಲ್ಲಿ, ಅವರು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ರೂಪಿಸಿದರು. 1985ರಲ್ಲಿ ಆ ಪರೀಕ್ಷೆಯಲ್ಲಿ ಜೀವಕೋಶಗಳು ಉಳಿದುಕೊಂಡದ್ದರಿಂದಲೇ ಎಜಡ್‌ಟಿ ರೋಗಿಗಳವರೆಗೆ ತಲುಪಿ, 1987ರ ಮಾರ್ಚ್‌ನಲ್ಲಿ ಅನುಮತಿ ಪಡೆಯಿತು.

ಆ ಲೇಖನ ಒಂದೇ ಸಾಲಿನಲ್ಲಿ ಮುಗಿಸಿರುವ, ಎಚ್‌ಐವಿಯ ಇನ್ನೊಂದು ಔಷಧವಾದ ದಾರುನಾವಿರ್ ವಿಷಯಕ್ಕೂ ಹೆಚ್ಚಿನ ಜಾಗ ಸಲ್ಲಬೇಕಿತ್ತು. ಎಜಡ್‌ಟಿಯ ಆರಂಭದ ಬೆಲೆ ವರ್ಷಕ್ಕೆ ಸುಮಾರು 10,000 ಡಾಲರ್ ಇದ್ದುದನ್ನು ಕಂಡಿದ್ದ ಮಿತ್ಸುಯಾ, ಭಾರತ ಮೂಲದ ರಸಾಯನವಿಜ್ಞಾನಿ ಅರುಣ್ ಘೋಷ್ ಅವರೊಂದಿಗೆ ಕೆಲಸ ಮಾಡಿ ರೂಪಿಸಿದ ಈ ಔಷಧ, ಇತರ ಔಷಧಗಳಿಗೆ ಜಗ್ಗದ ವೈರಾಣುವನ್ನೂ ತಡೆಯುತ್ತದೆ. ಔಷಧಗಳ ಹಕ್ಕುಗಳನ್ನು ಒಟ್ಟುಗೂಡಿಸಿ ಬಡ ದೇಶಗಳ ರೋಗಿಗಳಿಗೆ ಅಗ್ಗದ ಔಷಧ ಸಿಗುವಂತೆ ಮಾಡಲು ರಚನೆಯಾದ ಪೇಟೆಂಟ್ ನಿಧಿಗೆ 2010ರಲ್ಲಿ ಮೊದಲು ಸೇರಿದ್ದು, ದಾರುನಾವಿರ್ ಮೇಲೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಿಗಿದ್ದ ಹಕ್ಕುಗಳೇ.